ವಿದೇಶದ ಹಳ್ಳಿಗೆ ಕೊಳವೆಬಾವಿ ಕೊರೆಸುವುದಾಗಿ ದೇಣಿಗೆ ಕೇಳುವವರ ಬಗ್ಗೆ ಎಚ್ಚರಿಕೆ

ಮೈಸೂರಿನ ಕುವೆಂಪುನಗರ, ಸರಸ್ವತೀಪುರಂ ಕಡೆಯ ಭಜನಾ ಮಂಡಳಿಗಳಲ್ಲಿ ಆಫ್ರಿಕಾದ ಮಲಾವಿ ದೇಶದ ಬಡ ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಹೆಸರಿನಲ್ಲಿ ಮತ್ತೆ ದೇಣಿಗೆ ಸಂಗ್ರಹ ಆರಂಭವಾಗಿದೆ. ಇದೇ ಧಾರ್ಮಿಕ ಟ್ರಸ್ಟಿಗೆ 2023ರಲ್ಲಿ ನಮ್ಮ ಮಂಡಳಿಯವರು ಹಣ ಕೊಟ್ಟಿದ್ದರು. ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಟ್ರಸ್ಟಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರು ಹಣ ಎತ್ತುವ ಬಗೆಯನ್ನು ತಿಳಿದವರಿಗೆ ಹೆಸರಿನ ಅಗತ್ಯವೂ ಇಲ್ಲ.

ಅವರು ಹೇಳಿದ ಕಷ್ಟ ಸುಳ್ಳಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಆ ವರ್ಷದ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತವು ದಕ್ಷಿಣ ಮಲಾವಿಗೆ ಅಪ್ಪಳಿಸಿ, ಬ್ಲಾಂಟೈರ್ ನಗರದ ಆಸುಪಾಸಿನಲ್ಲಿ ಗುಡ್ಡಗಳು ಕುಸಿದು, ನೂರಾರು ಜನರು ಪ್ರಾಣ ಕಳೆದುಕೊಂಡಿದ್ದರು. ಅದಕ್ಕೂ ಮೊದಲೇ ಕಾಲರಾ ಹರಡಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಪತ್ರಿಕೆಗಳಲ್ಲಿ ಓದಿ ಗೊತ್ತಿದ್ದ ಸಂಗತಿಯನ್ನೇ ಟ್ರಸ್ಟಿನ ಸಂಯೋಜಕರು ಸತ್ಸಂಗದಲ್ಲಿ ಹೇಳಿದಾಗ ಯಾರಿಗೂ ಅನುಮಾನ ಬರಲಿಲ್ಲ. ಪಿಂಚಣಿದಾರರು, ಮನೆಪಾಠ ಹೇಳುವವರು, ಅಡುಗೆ ಕೆಲಸದ ಹೆಂಗಸರು ಎಲ್ಲರೂ ತಮ್ಮ ಕೈಲಾದಷ್ಟು ಕೊಟ್ಟರು.

ಕೆಲವು ತಿಂಗಳ ನಂತರ ಒಂದು ಫೋಟೋ ಬಂತು. ಸಿಮೆಂಟಿನ ಕಟ್ಟೆ, ಅದರ ಮೇಲೆ ನೀಲಿ ಬಣ್ಣದ ಕೈಪಂಪು, ಪಕ್ಕದಲ್ಲಿ ಹಳದಿ ಲಂಗದ ಹುಡುಗಿ, ಮುಂದೆ ನಮ್ಮ ಮಂಡಳಿಯ ಹೆಸರನ್ನು ಕನ್ನಡದಲ್ಲೇ ಬರೆದ ಫಲಕ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಭಜನೆ ನಡೆಯುವ ಹಜಾರದಲ್ಲಿ ತೂಗುಹಾಕಿದೆವು. ಆಮೇಲೆ ಮಂಡ್ಯದ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದ ನಮ್ಮ ಕಾರ್ಯದರ್ಶಿಗಳು, ಅಲ್ಲಿನ ಮಂಡಳಿಗೂ ಇಂಥದೇ ಫೋಟೋ ಬಂದಿರುವುದನ್ನು ಕಂಡರು. ಅದೇ ಹುಡುಗಿ, ಅದೇ ಲಂಗ, ಕಟ್ಟೆಯ ಎಡತುದಿಯಲ್ಲಿ ಅದೇ ಓರೆ ಬಿರುಕು. ಫಲಕದ ಮೇಲಿನ ಹೆಸರು ಮಾತ್ರ ಬೇರೆ, ಊರಿನ ಹೆಸರೂ ಬೇರೆ.

ಬ್ಲಾಂಟೈರ್‌ನಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ಮಂಡ್ಯ ಜಿಲ್ಲೆಯ ಯುವಕರೊಬ್ಬರು ನಮ್ಮ ಕೋರಿಕೆಯ ಮೇರೆಗೆ ಚಿಕ್ವಾವಾ ಜಿಲ್ಲೆಯ ಆ ಹಳ್ಳಿಯನ್ನು ಹುಡುಕಿಕೊಂಡು ಹೋದರು. ಪಂಪು ಇತ್ತು. ಹಿಡಿಕೆಯನ್ನು ಹಗ್ಗದಿಂದ ಕಟ್ಟಿಹಾಕಿದ್ದರು; ಒಳಗಿನ ರಬ್ಬರ್ ಸೀಲು ಸವೆದು ನೀರು ಮೇಲೇರುವುದು ನಿಂತುಹೋಗಿ ಬಹಳ ಕಾಲವಾಗಿತ್ತು; ಹೆಂಗಸರು ಮೊಸಳೆಗಳಿರುವ ಶಿರೆ ನದಿಗೇ ಮತ್ತೆ ಬಿಂದಿಗೆ ಹಿಡಿದು ಹೋಗುತ್ತಿದ್ದರು. ಅಲ್ಲಿ ಹೆಚ್ಚಾಗಿ ಬಳಸುವ ಆಫ್ರಿದೇವ್ ಪಂಪನ್ನು ಹಳ್ಳಿಯವರೇ ಬಿಚ್ಚಿ ರಿಪೇರಿ ಮಾಡಿಕೊಳ್ಳಲು ಅನುಕೂಲವಾಗುವಂತೆ 1980ರ ದಶಕದಲ್ಲಿ ರೂಪಿಸಲಾಯಿತು. ಅದಕ್ಕೆ ಒಂದೆರಡು ಸ್ಪ್ಯಾನರ್, ಕಡಿಮೆ ಬೆಲೆಯ ಸೀಲು, ತರಬೇತಿ ಪಡೆದ ಒಂದು ನೀರಿನ ಸಮಿತಿ ಇದ್ದರೆ ಸಾಕು. ಟ್ರಸ್ಟಿನವರು ಸಮಿತಿ ರಚಿಸಿರಲಿಲ್ಲ, ಬಿಡಿಭಾಗ ಎಲ್ಲಿ ಸಿಗುತ್ತದೆಂದು ಯಾರಿಗೂ ಹೇಳಿರಲಿಲ್ಲ, ಪಂಪು ಎಲ್ಲಿ ಬೇಕೆಂದು ಊರಿನವರನ್ನು ಕೇಳಿಯೂ ಇರಲಿಲ್ಲ. ಈ ಸಂಗತಿ ಕೇಳಿ, ನಾಗಮಂಗಲ ತಾಲ್ಲೂಕಿನಲ್ಲಿ ಬೋರ್‌ವೆಲ್ ರಿಪೇರಿ ಮಾಡಿಕೊಂಡೇ ಆಯುಷ್ಯ ಕಳೆದ ನಮ್ಮ ಹಿರಿಯ ಸದಸ್ಯರು, “ಬೋರ್ ಕೊರ್ಸಕ್ಕೆ ಎಲ್ರೂ ದುಡ್ಡು ಕೊಡ್ತಾರೆ ಸ್ವಾಮಿ, ವಾಷರ್‌ಗೆ ಯಾರೂ ಕೊಡಾಕಿಲ್ಲ” ಎಂದರು. ಹೊಸ ಪಂಪಿಗೆ ಫಲಕ ಹಾಕಬಹುದು, ಫೋಟೋ ತೆಗೆಯಬಹುದು. ಹಳೆಯ ಪಂಪಿನ ಸೀಲು ಬದಲಾಯಿಸಿದ್ದಕ್ಕೆ ಯಾವ ಮಂಡಳಿಯೂ ಚೌಕಟ್ಟು ಹಾಕಿಸುವುದಿಲ್ಲ ಎಂಬುದನ್ನು ಆ ಟ್ರಸ್ಟು ಚೆನ್ನಾಗಿ ಅರಿತಿತ್ತು.

ಇನ್ನು ಕಾಗದಪತ್ರಗಳ ವಿಷಯ. ವಿಶ್ವಾಸ ಹುಟ್ಟಿಸಲು ಅವರು ತೋರಿಸುತ್ತಿದ್ದುದು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಪತ್ರವನ್ನು. 2010ರ ಆ ಕಾಯ್ದೆಯಡಿ ಸಿಗುವ ನೋಂದಣಿಯು ವಿದೇಶದಿಂದ ಹಣ ಪಡೆಯಲು ಮಾತ್ರ. ಇಲ್ಲಿಂದ ಹೊರದೇಶಕ್ಕೆ ಹಣ ಕಳುಹಿಸಲು ಅದು ಅನುಮತಿಯಲ್ಲ. ಎರಡನೆಯದಾಗಿ, ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ರಿಯಾಯಿತಿ ದೊರೆಯುತ್ತದೆಂದು ಬಾಯಿಮಾತಿನಲ್ಲಿ ಹೇಳಿದರು. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ರಿಯಾಯಿತಿ ಇಲ್ಲ, ಮತ್ತು ದಾನ ಪಡೆದ ಸಂಸ್ಥೆಯು 10ಬಿಇ ನಮೂನೆಯ ಪ್ರಮಾಣಪತ್ರ ಕೊಡಬೇಕು. ಅದು ನಮ್ಮಲ್ಲಿ ಯಾರಿಗೂ ಬರಲಿಲ್ಲ. ಇಲ್ಲಿನ ಟ್ರಸ್ಟೊಂದು ತನ್ನ ಆದಾಯವನ್ನು ದೇಶದ ಹೊರಗಿನ ಸೇವೆಗೆ ಖರ್ಚು ಮಾಡಿ ತೆರಿಗೆ ವಿನಾಯಿತಿ ಪಡೆಯಬೇಕಾದರೆ ಕೇಂದ್ರ ನೇರ ತೆರಿಗೆ ಮಂಡಳಿಯ ಆದೇಶ ಇರಬೇಕಾಗುತ್ತದೆ. ಅದನ್ನು ತೋರಿಸಿ ಎಂದಾಗ ಸಂಯೋಜಕರು ಮಾತು ಬದಲಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ ಕಾಣಿಸುತ್ತಿದ್ದುದು ಟ್ರಸ್ಟಿನ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರು. ಹೀಗೆ ಕಂಡರೆ ಹಣ ಕಳುಹಿಸದೆ ಅಲ್ಲಿಗೇ ನಿಲ್ಲಿಸಿ.

ನೀತಿ ಆಯೋಗದ ದರ್ಪಣ್ ಜಾಲತಾಣದ ಸಂಖ್ಯೆಯನ್ನೂ ಅವರು ಕರಪತ್ರದಲ್ಲಿ ಮುದ್ರಿಸಿದ್ದರು. ಸಂಸ್ಥೆಯೊಂದು ತನ್ನ ವಿವರವನ್ನು ಅಲ್ಲಿ ದಾಖಲಿಸಿದೆ ಎಂಬುದಕ್ಕೆ ಮಾತ್ರ ಅದು ಗುರುತು. ಕೆಲಸ ನಡೆದಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಲೆಕ್ಕ ಕೇಳಿದವರಿಗೆ ಸಿಕ್ಕ ಉತ್ತರ ನನ್ನನ್ನು ಹೆಚ್ಚು ನೋಯಿಸಿತು. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಕೊಟ್ಟ ಮೇಲೆ ಕೇಳುವುದು ಅಶ್ರದ್ಧೆ, ಪುಣ್ಯ ಕರಗಿಹೋಗುತ್ತದೆ ಎಂದು ತುಂಬಿದ ಸಭೆಯಲ್ಲಿ ವಯಸ್ಸಾದ ತಾಯಿಯೊಬ್ಬರಿಗೆ ಹೇಳಿ ಅವರನ್ನು ಕುಳ್ಳಿರಿಸಿದರು. ಆ ಮಾತು ಕೊಡುವವರು ಹೆಸರಿಗಾಗಿ ಹಾತೊರೆಯಬಾರದೆಂದು ಹೇಳಿದ್ದೇ ಹೊರತು, ಪರರ ಹಣ ನಿರ್ವಹಿಸುವವರಿಗೆ ರಕ್ಷಣೆಯಾಗಿ ಹೇಳಿದ್ದಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ಹುಂಡಿಯನ್ನೇ ಅಧಿಕಾರಿಗಳ ಎದುರಿನಲ್ಲಿ ಎಣಿಸುವಾಗ, ಒಂದು ಟ್ರಸ್ಟಿನ ಲೆಕ್ಕ ಕೇಳಿದರೆ ಯಾವ ಭಕ್ತಿಗೂ ಕುಂದಿಲ್ಲ.

ನಿಜವಾಗಿಯೂ ಮಲಾವಿಗೆ ನೆರವಾಗಬಯಸುವವರು ಅಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ತಮ್ಮ ಬ್ಯಾಂಕಿನ ಮೂಲಕ, ಪ್ಯಾನ್ ಸಂಖ್ಯೆ ಕೊಟ್ಟು, ತಮ್ಮದೇ ಹೆಸರಿನಲ್ಲಿ ದೇಣಿಗೆ ಕಳುಹಿಸಲು ಅವಕಾಶವಿದೆ. ಕಳುಹಿಸುವ ಮುನ್ನ, ಎರಡು ಮೂರು ವರ್ಷ ಹಿಂದೆ ಹಾಕಿಸಿದ ಪಂಪುಗಳ ಪೈಕಿ ಈಗ ಎಷ್ಟು ನಡೆಯುತ್ತಿವೆ, ರಿಪೇರಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ.

ಓರೆ ಬಿರುಕಿನ ಕಟ್ಟೆ ಮತ್ತು ಹಳದಿ ಲಂಗದ ಹುಡುಗಿ ಇರುವ ಫೋಟೋ ನಿಮ್ಮ ಮಂಡಳಿಗೂ ಬಂದಿದ್ದರೆ ಅದನ್ನು ಅಳಿಸಬೇಡಿ. ಹಣ ಪಾವತಿಯಾದ ದಿನಾಂಕ, ಯುಪಿಐ ವಹಿವಾಟಿನ ಸಂಖ್ಯೆ ಮತ್ತು ಅವರು ಕೊಟ್ಟ ರಸೀದಿಯ ಪ್ರತಿಯನ್ನು ಫೋಟೋದೊಂದಿಗೆ ಇಟ್ಟುಕೊಂಡು ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಿ. ಮೈಸೂರು ಮತ್ತು ಮಂಡ್ಯದ ನಮ್ಮ ಎರಡೂ ಮಂಡಳಿಗಳು ಈಗಾಗಲೇ ಹಾಗೆ ಮಾಡಿವೆ.