ಮನೆಯಲ್ಲೇ ಪವರ್ ರ‍್ಯಾಕ್: 3 ವರ್ಷ ಒಬ್ಬನೇ ಭಾರ ಎತ್ತಿದ ಮೇಲೆ

ಒಂದು ಪವರ್ ರ‍್ಯಾಕ್ (ಬಾರ್ ಇಟ್ಟು ಎತ್ತುವ ಕಬ್ಬಿಣದ ಚೌಕಟ್ಟು), 7 ಅಡಿಯ ಬಾರ್, ರಬ್ಬರ್ ಹೊದಿಸಿದ ಪ್ಲೇಟ್‌ಗಳು, ಒಂದು ಬೆಂಚ್. ಇಷ್ಟನ್ನು ಆನ್‌ಲೈನ್‌ನಲ್ಲಿ ಸೆಟ್ ಆಗಿ ತರಿಸಿ 3 ವರ್ಷ ದಾಟಿತು. ಮನೆ ಕಲಬುರಗಿಯ ಸೇಡಂ ರಸ್ತೆ ಕಡೆ. ಕೆಳಗಿನ ಹಿಂದಿನ ರೂಮು ಈಗ ಜಿಮ್. ಮನೆಯವರು ಏಳುವ ಮುಂಚೆ ಎತ್ತುತ್ತೇನೆ, ಹಾಗಾಗಿ ಸಪೋರ್ಟ್ ಕೊಡಲು ಯಾರೂ ಇರುವುದಿಲ್ಲ. ಈ ವಿಮರ್ಶೆ ಆ ಲೆಕ್ಕದಲ್ಲೇ ಬರೆದದ್ದು.

ಬ್ರ್ಯಾಂಡ್ ಹೆಸರು ಹೇಳುತ್ತಿಲ್ಲ. ಇಂಥ ಸಾಮಾನು ಬಹಳಷ್ಟು ಮೀರತ್, ಜಲಂಧರ್ ಕಡೆ ತಯಾರಾಗುತ್ತದೆ. ನೋಡಲು ಒಂದೇ ಥರದ ರ‍್ಯಾಕ್, ಮೇಲೆ ಬೇರೆ ಬೇರೆ ಸ್ಟಿಕ್ಕರ್. ಸ್ಟಿಕ್ಕರ್ ಬಿಟ್ಟು ಪೈಪಿನ ದಪ್ಪ, ತೂತುಗಳ ಅಂತರ ನೋಡಿ.

ಮೊದಲು ರ‍್ಯಾಕ್. ನನ್ನದು ನಾಲ್ಕು ಕಂಬದ್ದು, ಒಳಗೆ ನಿಂತು ಎತ್ತುವಂಥದ್ದು. ಪೈಪಿನ ಗೋಡೆ 3 ಎಂಎಂ. ಅಗ್ಗದ್ದರಲ್ಲಿ 2 ಎಂಎಂ ಅಥವಾ ಅದಕ್ಕೂ ತೆಳು ಇರುತ್ತದೆ, ಬಾರ್ ಇಟ್ಟಾಗ ಇಡೀ ಚೌಕಟ್ಟು ಅಲುಗುತ್ತದೆ. ಆದರೆ ನಾನು ದುಡ್ಡು ಕೊಟ್ಟಿದ್ದು ಕಂಬಕ್ಕಲ್ಲ, ಎರಡೂ ಬದಿಗೆ ಅಡ್ಡಲಾಗಿ ಕೂತು, ಕೈ ಸೋತಾಗ ಬಾರನ್ನು ತಡೆಯುವ ಸೇಫ್ಟಿ ಬಾರ್‌ಗಳಿಗೆ. ನಮ್ಮ ಕಡೆ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿರುತ್ತೀರಿ. ಕೈಲಾಗದಿದ್ದರೆ ಪೈಲ್ವಾನ ಕಲ್ಲನ್ನು ಮುಂದಕ್ಕೆ ಬಿಟ್ಟು ಹಿಂದೆ ಸರಿಯುತ್ತಾನೆ. ಮಲಗಿಕೊಂಡು ಬಾರನ್ನು ಎದೆಗೆ ಇಳಿಸಿ ಮೇಲೆತ್ತುವ ಬೆಂಚ್ ಪ್ರೆಸ್‌ನಲ್ಲಿ ಬಿಡಲು ಜಾಗವೇ ಇಲ್ಲ. ಬಾರ್ ಕೆಳಗೆ ನೀವೇ ಮಲಗಿದ್ದೀರಿ, ಅದರ ನೇರಕ್ಕೆ ಎದೆ, ಪಕ್ಕದಲ್ಲೇ ಕತ್ತು. ಒಬ್ಬರೇ ಎತ್ತುವಾಗ ಜೀವಕ್ಕೇ ಅಪಾಯ ತರುವ ವ್ಯಾಯಾಮ ಅಂದರೆ ಇದೇ. ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತುವುದು) ಆದರೆ ಕೈ ಬಿಟ್ಟರೆ ಮುಗೀತು, ಬಾರ್ ನೆಲಕ್ಕೆ.

ಸೇಫ್ಟಿ ಎಷ್ಟು ಎತ್ತರಕ್ಕಿರಬೇಕು ಅನ್ನುವುದನ್ನು ಖಾಲಿ ಬಾರ್‌ನಲ್ಲೇ ಗೊತ್ತು ಮಾಡಿಕೊಳ್ಳಬೇಕು. ಬೆಂಚ್ ಮೇಲೆ ಮಲಗಿ, ಎತ್ತುವಾಗ ಹೇಗೋ ಹಾಗೆ ಎದೆ ಉಬ್ಬಿಸಿ ಬಾರ್ ಇಳಿಸಿ. ಅದು ಎದೆಗೆ ತಾಗಬೇಕು, ಸೇಫ್ಟಿಗೆ ತಾಗಬಾರದು. ಈಗ ಉಸಿರು ಬಿಟ್ಟು ಬೆನ್ನು ಸಪಾಟು ಮಾಡಿ. ಬಾರ್ ಸೇಫ್ಟಿ ಮೇಲೆ ಕೂತು ನಿಮ್ಮ ಎದೆ ಬಿಡುಗಡೆಯಾಗಬೇಕು. ಹಾಗೇ ಬಾರನ್ನು ಕತ್ತಿನ ಕಡೆ ಉರುಳಿಸಿ ನೋಡಿ, ಅಲ್ಲೂ ಸಂದು ಉಳಿಯಬೇಕು. ಇದಿಷ್ಟೂ ಆದರೆ ಸೇಫ್ಟಿ ಸರಿ ಇದೆ ಅಂತ.

ಇಲ್ಲೇ ಈ ರ‍್ಯಾಕ್‌ನ ದೊಡ್ಡ ತೊಂದರೆ. ತೂತುಗಳ ನಡುವೆ 5 ಸೆಂ.ಮೀ. ಅಂತರ. ಒಂದು ತೂತಿಗೆ ಹಾಕಿದರೆ ಬಾರ್ ಎದೆ ಮುಟ್ಟುವ ಮುಂಚೆಯೇ ಟಣ್ ಅನ್ನುತ್ತದೆ. ಕೆಳಗಿನದಕ್ಕೆ ಹಾಕಿದರೆ ಬಾರ್ ಎದೆ ಮೇಲೇ ಉಳಿಯುತ್ತದೆ. ನಾನು ಮೇಲಿನ ತೂತನ್ನೇ ಇಟ್ಟುಕೊಂಡು, ಬೆಂಚ್ ಕಾಲುಗಳ ಕೆಳಗೆ ಉಳಿದ ರಬ್ಬರ್ ಮ್ಯಾಟ್ ತುಂಡು ಹಾಕಿದೆ. ಬೆಂಚ್ ಎರಡು ಸೆಂ.ಮೀ. ಎದ್ದಿತು, ಎಲ್ಲ ಸರಿಹೋಯಿತು. ಕೊಳ್ಳುವಾಗಲೇ 2.5 ಸೆಂ.ಮೀ. ಅಂತರದ್ದು ಸಿಕ್ಕರೆ ಜಾಸ್ತಿ ದುಡ್ಡು ಕೊಟ್ಟಾದರೂ ಅದನ್ನೇ ತಗೊಳ್ಳಿ.

ಸ್ಕ್ವಾಟ್‌ಗೆ (ಹೆಗಲ ಮೇಲೆ ಬಾರ್ ಹೊತ್ತು ಕೂತೇಳುವುದಕ್ಕೆ) ಲೆಕ್ಕ ಸುಲಭ. ಪೂರ್ತಿ ಕೂತಾಗ ಬಾರ್ ಎಲ್ಲಿರುತ್ತದೋ ಅದಕ್ಕಿಂತ ಸ್ವಲ್ಪ ಕೆಳಗೆ ಸೇಫ್ಟಿ. ಏಳಲಾಗದಿದ್ದರೆ ಹೆಣಗಾಡದೆ, ಮುಂದಕ್ಕೆ ಬಾಗದೆ, ನೇರ ಕೆಳಗೆ ಕೂತು ಬಾರನ್ನು ಸೇಫ್ಟಿ ಮೇಲೆ ಇಟ್ಟು ಹೊರಬನ್ನಿ. ಇದನ್ನೂ ಹಗುರ ತೂಕದಲ್ಲಿ ಮೊದಲೇ ರೂಢಿ ಮಾಡಿಕೊಂಡಿರಬೇಕು. ತೂಕ ಹೆಗಲ ಮೇಲಿದ್ದಾಗ ಹೊಸ ಪಾಠ ತಲೆಗೆ ಹತ್ತುವುದಿಲ್ಲ, ಅಲ್ವಾ?

ರ‍್ಯಾಕ್ ಇಲ್ಲದೆ ಬರೀ ಬೆಂಚ್ ಮತ್ತು ರಾಡ್ ಇರುವವರಿಗೆ ನನ್ನ ಸಲಹೆ: ಡಂಬೆಲ್‌ನಲ್ಲೇ ಪ್ರೆಸ್ ಮಾಡಿ. ಸೋತರೆ ಎರಡು ಬದಿಗೆ ಇಳಿಸಬಹುದು. ಬಾರ್‌ನಲ್ಲೇ ಮಾಡುತ್ತೇನೆ ಅಂದರೆ ಪ್ಲೇಟ್ ಜಾರದಂತೆ ಹಿಡಿಯುವ ಕ್ಲಿಪ್ ಹಾಕಬೇಡಿ. ಸಿಕ್ಕಿಬಿದ್ದರೆ ಒಂದು ಕಡೆ ವಾಲಿಸಿ ಪ್ಲೇಟ್ ಜಾರಿಸಬಹುದು. ಆಗ ಇನ್ನೊಂದು ಕಡೆ ಜೋರಾಗಿ ಬೀಳುತ್ತದೆ, ಗೋಡೆ ಕೆಡುತ್ತದೆ, ಆದರೆ ನೀವು ಉಳಿಯುತ್ತೀರಿ. ಹೆಬ್ಬೆರಳನ್ನು ಬಾರ್ ಸುತ್ತ ಸುತ್ತಿ ಹಿಡಿಯುವುದು ಮಾತ್ರ ಎಲ್ಲಿದ್ದರೂ ಬಿಡಬಾರದು.

ಇನ್ನು ನೆಲ. ಸೆಟ್ ಜೊತೆ ಬಂದ ತೆಳು ಮ್ಯಾಟ್ ಯೋಗಕ್ಕೆ ಸಾಕು, ಅಷ್ಟೇ. ನಮ್ಮಲ್ಲಿ ಹೆಚ್ಚಿನ ಹಳೆ ಮನೆಗಳದ್ದು ಶಹಾಬಾದ್ ಕಲ್ಲಿನ ನೆಲ. ಕಲ್ಲು ಗಟ್ಟಿಯೇ, ಆದರೆ ಕೆಳಗೆ ಪೊಳ್ಳಿದ್ದಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಪೊಳ್ಳು ಎಲ್ಲಿದೆ ಅಂತ ಸದ್ದಿನಲ್ಲೇ ಗೊತ್ತಾಗುತ್ತದೆ. ನಾನು ರೂಮಿನಲ್ಲಿ 8ಕ್ಕೆ 4 ಅಡಿಯ ಪ್ಲೈವುಡ್ ಹಾಳೆಗಳನ್ನು ಎರಡು ಪದರ ಹಾಸಿದೆ. ಮೇಲಿನ ಪದರ ಅಡ್ಡಡ್ಡ, ಕೆಳಗಿನದು ಉದ್ದುದ್ದ. ಪ್ಲೇಟ್ ಬೀಳುವ ಜಾಗಕ್ಕೆ ದಪ್ಪ ರಬ್ಬರ್ ಟೈಲ್ಸ್. ರ‍್ಯಾಕನ್ನು ನೆಲಕ್ಕೆ ಬೋಲ್ಟ್ ಮಾಡಿ ಅಂತ ಕಾಗದದಲ್ಲಿ ಬರೆದಿತ್ತು. ಕಲ್ಲಿಗೆ ಡ್ರಿಲ್ ಹಾಕಿಸುವ ಧೈರ್ಯ ಬರಲಿಲ್ಲ, ಆ ಪ್ಲೈವುಡ್‌ಗೇ ಬೋಲ್ಟ್ ಮಾಡಿಸಿದೆ. ಇದುವರೆಗೆ ಅಲುಗಿಲ್ಲ.

ವೆಲ್ಡಿಂಗ್ ಅಂಗಡಿಯವರು ಬಂದು ನೋಡಿ, "ಸರ್, ಇಷ್ಟಕ್ಕ ಅಷ್ಟ್ ರೊಕ್ಕ ಕೊಟ್ರೇನ್ರಿ? ನಾ ಮಾಡಿ ಕೊಡ್ತಿದ್ದೆ ಅರ್ಧಕ್ಕ" ಅಂದರು. ಮಾಡಿಸಬಹುದು, ನನ್ನ ಗೆಳೆಯನೊಬ್ಬ ಮಾಡಿಸಿದ್ದಾನೆ ಕೂಡ. ಆದರೆ ನಾಲ್ಕೂ ಕಂಬದ ತೂತು ಒಂದೇ ಮಟ್ಟಕ್ಕೆ ಬರಬೇಕು. ಒಂದು ತೂತು ತಪ್ಪಿದರೂ ಬಾರ್ ವಾಲುತ್ತದೆ, ಉರುಳುತ್ತದೆ. ಬಾರ್ ಕೂರುವ ಕೊಕ್ಕೆಯ ವೆಲ್ಡ್ ಸಂಪೂರ್ಣ ಸುತ್ತ ಬಂದಿರಬೇಕು, ಎರಡು ಚುಕ್ಕೆ ಇಟ್ಟು ಬಿಟ್ಟರೆ ಆಗದು.

ಮಾಳಿಗೆ ಮೇಲಿನ ರೂಮಿನಲ್ಲಿ ಇಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಮನೆಗಳ ಸ್ಲ್ಯಾಬ್‌ಗೆ ನಮ್ಮ ದೇಶದ ಮಾನಕದಲ್ಲಿ ಹಿಡಿಯುವ ಲೆಕ್ಕ ಒಂದು ಚದರ ಮೀಟರಿಗೆ ಸುಮಾರು 200 ಕೆಜಿ. ಸುಮ್ನೆ ಇಟ್ಟ ತೂಕ ಹರಡಿ ನಿಲ್ಲುತ್ತದೆ, ಬಿದ್ದ ತೂಕ ಹಾಗಲ್ಲ. ಗರ್ಡರ್ ಮೇಲೆ ಕಲ್ಲು ಹಾಸಿದ ಹಳೆ ಮಾಳಿಗೆಯಾದರೆ ಯೋಚನೆಯೇ ಬೇಡ.

ಬಾರ್ ಬಗ್ಗೆ ಖುಷಿ ಇದೆ. 20 ಕೆಜಿ ಅಂದರೆ 20 ಕೆಜಿಯೇ ಬಂತು. ಬಂದ ದಿನವೇ ನೆಲದ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ನಡು ಕುಣಿಯುತ್ತದೆ, ಆಗಲೇ ವಾಪಸ್ ಕಳಿಸಿ. ಕೆಲವು ಸೆಟ್‌ಗಳಲ್ಲಿ 5 ಅಡಿಯ ರಾಡ್ ಕೊಡುತ್ತಾರೆ. ಅದು ಇಂಥ ಅಗಲದ ರ‍್ಯಾಕ್ ಮೇಲೆ ಕೂರುವುದೇ ಇಲ್ಲ, ಪ್ಲೇಟ್ ಹಾಕುವ ಭಾಗ ಕಂಬಕ್ಕೆ ಬಡಿಯುತ್ತದೆ. ನನ್ನ ಬಾರ್‌ಗೆ ತುಕ್ಕು ಹಿಡಿದದ್ದು ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ! ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಕೂಲರ್ ಇಲ್ಲದೆ ಆ ರೂಮಿನಲ್ಲಿ ನಿಲ್ಲಲಾಗದು. ಕೂಲರ್‌ನ ಹಸಿ ಗಾಳಿ ನೇರ ಬಾರ್ ಮೇಲೆ ಬೀಳುತ್ತಿತ್ತು. ಈಗ ಕೂಲರ್ ಮುಖ ತಿರುಗಿಸಿದ್ದೇನೆ, ವಾರಕ್ಕೊಮ್ಮೆ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಸವರುತ್ತೇನೆ.

ಪ್ಲೇಟ್‌ಗಳನ್ನು ದಾಲ್ ಮಿಲ್‌ನಲ್ಲಿ ಕೆಲಸ ಮಾಡುವ ಗೆಳೆಯನ ಹತ್ತಿರ ಒಯ್ದು ತೂಕದ ಯಂತ್ರದ ಮೇಲಿಟ್ಟೆವು. "ಏ, ಇದು ತೊಗರಿ ಇದ್ದಿದ್ರ ಜಗಳಾನೇ ಆಗ್ತಿತ್ತು" ಅಂದ. 20 ಕೆಜಿ ಅಂತ ಬರೆದದ್ದರಲ್ಲಿ ಒಂದು ಅರ್ಧ ಕೆಜಿ ಕಡಿಮೆ, ಇನ್ನೊಂದು ಅಷ್ಟೇ ಹೆಚ್ಚು. ಅವೆರಡನ್ನು ಬಾರ್‌ನ ಎರಡು ಕಡೆ ಹಾಕಿದರೆ ಒಂದು ಕೆಜಿ ವಾಲು. ಈಗ ಹತ್ತಿರದ ತೂಕದವನ್ನು ಜೋಡಿ ಮಾಡಿ ಬಣ್ಣದ ಗುರುತು ಹಾಕಿದ್ದೇನೆ. 1.25 ಕೆಜಿಯ ಜೋಡಿ ಸೆಟ್‌ನಲ್ಲಿ ಇರಲಿಲ್ಲ, ಬೇರೆ ತಗೊಂಡೆ. ಒಬ್ಬರೇ ಇರುವವರಿಗೆ ಇದು ಬೇಕೇಬೇಕು, 5 ಕೆಜಿಯ ಜಿಗಿತದಲ್ಲೇ ಸೋಲುವುದು ಜಾಸ್ತಿ.

ಬೆಂಚ್ ಈ ಸೆಟ್‌ನ ಕೆಟ್ಟ ಭಾಗ. ಎರಡನೇ ಬೇಸಿಗೆಗೇ ರೆಕ್ಸಿನ್ ಸೀಳಿತು, ಫೋಮ್ ಕುಸಿಯಿತು. ನಟ್ಟುಗಳು ಸಡಿಲಾಗುತ್ತಲೇ ಇರುತ್ತವೆ. 300 ಕೆಜಿ ತಡೆಯುತ್ತದೆ ಅಂತ ಬರೆದಿದೆ, ನಿಮ್ಮ ಮೈತೂಕವೂ ಅದರಲ್ಲೇ ಸೇರಿದೆ ಅನ್ನುವುದು ನೆನಪಿರಲಿ. ಮಾರಿದವರಿಗೆ ಫೋಟೋ ಕಳಿಸಿದೆ, "ಪರಿಶೀಲಿಸುತ್ತೇವೆ" ಅನ್ನುವ ಉತ್ತರಕ್ಕಿಂತ ಮುಂದೆ ಹೋಗಲಿಲ್ಲ. ಡೆಲಿವರಿಯೂ ಮನೆವರೆಗೆ ಅಂತ ಹೇಳಿ ಟ್ರಾನ್ಸ್‌ಪೋರ್ಟ್ ಗೋಡೌನ್‌ಗೆ ಬಂತು. ಅಲ್ಲಿಂದ ಟಂಟಂನಲ್ಲಿ ಹೇರಿಕೊಂಡು ಬಂದೆ, ಬಾಡಿಗೆ ನನ್ನದೇ.

ಅಂಗಡಿಯಲ್ಲಿ ಯಾರೂ ಹೇಳದ ಒಂದು ಖರ್ಚು: ಚಾರ್ಜ್ ಆಗುವ ಎಮರ್ಜೆನ್ಸಿ ಲೈಟ್. ಬೆಳಗಿನ ಜಾವ ಬಾರ್ ಹೆಗಲ ಮೇಲಿರುವಾಗ ಕರೆಂಟ್ ಹೋದರೆ ಕೊಕ್ಕೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಫೋನನ್ನು ಶೆಲ್ಫ್ ಮೇಲಲ್ಲ, ನೆಲದ ಮೇಲೆ ಕೈಗೆಟಕುವಂತೆ ಇಡುತ್ತೇನೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದಿಲ್ಲ. ಅವ್ವನಿಗೆ ಒಂದೇ ಮಾತು ಹೇಳಿದ್ದೇನೆ: ದೊಡ್ಡ ಸದ್ದು ಬಂದು ನಾನು ಓಗೊಡದಿದ್ದರೆ ಒಳಗೆ ಬಾ, 108ಕ್ಕೆ ಫೋನ್ ಮಾಡು. ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳದೆ ಭಾರಕ್ಕೆ ಕೈ ಹಾಕಬೇಡಿ, ಉಸಿರು ಬಿಗಿಹಿಡಿದು ಎತ್ತುವಾಗ ಒತ್ತಡ ಒಮ್ಮೆಲೇ ಏರುತ್ತದೆ.

ಜಿಮ್ ಫೀ ಉಳೀತಾ ಅಂದರೆ, ಇನ್ನೂ ಇಲ್ಲ. ಖರ್ಚು ಕಮ್ಮಿ ಮಾಡುವ ಇರಾದೆ ಇದ್ದರೆ ಪ್ಲೇಟ್‌ಗಳನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಮುಚ್ಚಿದ ಜಿಮ್‌ಗಳ ಸಾಮಾನು ಮಾರಾಟಕ್ಕೆ ಬರುತ್ತಿರುತ್ತದೆ, ಕಬ್ಬಿಣ ಹಳತಾದರೂ ಕಬ್ಬಿಣವೇ. ತೂತು 2 ಇಂಚಿನದೋ 1 ಇಂಚಿನದೋ ಅಂತ ಮಾತ್ರ ಟೇಪ್ ಹಿಡಿದು ನೋಡಿ. ಬೆಂಚ್ ಮತ್ತು ಸೇಫ್ಟಿ ಬಾರ್ ಹೊಸದೇ ಇರಲಿ.