ಒಂದು ಪ್ಲೇನೋ, ಎರಡು ಪ್ಲೇನೋ: ಕೊಡಗಿನ ಇಳಿಜಾರಿನಲ್ಲಿ ಹೋಲಿಕೆ

ಬಿಟ್ಟಂಗಾಲವಾಗಲಿ, ಪಾಲಿಬೆಟ್ಟವಾಗಲಿ, ಮಡಿಕೇರಿಯಾಗಲಿ, ಕೊಡಗಿನ ಗಾಲ್ಫ್ ಮೈದಾನಗಳಲ್ಲಿ ಟೀ (ಮೊದಲ ಹೊಡೆತದ ಸಮತಟ್ಟು ಜಾಗ) ಬಿಟ್ಟು ಇಳಿದರೆ ಎರಡು ಕಾಲನ್ನೂ ಸಮಕ್ಕೆ ಊರುವ ಜಾಗ ಸಿಗುವುದು ಕಮ್ಮಿ. ಆದ್ದರಿಂದ ಒಂದು ಪ್ಲೇನ್, ಎರಡು ಪ್ಲೇನ್ ಎಂಬ ಎರಡೂ ಬಗೆಯ ಸ್ವಿಂಗನ್ನು (ಕ್ಲಬ್ ಎಂಬ ಗಾಲ್ಫ್ ಕೋಲನ್ನು ಬೀಸುವ ರೀತಿ) ಇಳಿಜಾರಿನಲ್ಲೇ ಆಡಿ ತೂಗಿದ್ದೇವೆ. ಪ್ಲೇನ್ ಎಂದರೆ ಬೀಸುವಾಗ ತೋಳು, ಭುಜ ಸುತ್ತುವ ಓರೆ ಸಮತಲ; ತೋಳು ಭುಜದ ಸಮತಲದಲ್ಲೇ ಸುತ್ತಿದರೆ ಒಂದು, ಅದಕ್ಕಿಂತ ಮೇಲೆ ಹೋದರೆ ಎರಡು. ಇಲ್ಲಿರುವುದೆಲ್ಲ ಬಲಗೈ ಆಟಗಾರರ ಲೆಕ್ಕ.

ಚೆಂಡಿನಿಂದ ಭುಜದವರೆಗೆ ಓರೆಯಾಗಿ ಒರಗಿಸಿದ ಗಾಜಿನ ಹಲಗೆಯ ಚಿತ್ರವನ್ನು ಗಾಲ್ಫ್ ಆಟಗಾರ ಬೆನ್ ಹೋಗನ್ 1957ರಲ್ಲಿ ಕೊಟ್ಟರು. ಚೆಂಡಿನ ಹಿಂದೆ ಕ್ಲಬ್ ಇಟ್ಟು ನಿಂತಾಗ ಶಾಫ್ಟ್ (ಕ್ಲಬ್ಬಿನ ಉದ್ದ ಕಡ್ಡಿ) ಆ ಗಾಜಿಗಿಂತ ಕೆಳಗೆ, ಇನ್ನಷ್ಟು ಮಲಗಿರುತ್ತದೆ. ಕೆಳಕ್ಕೆ ಬರುವಾಗ ಶಾಫ್ಟ್ ಈ ಎರಡರ ನಡುವೆ ಇದ್ದರೆ ಸಾಕು. ಮೇಲೆ ಹೋಗುವ ದಾರಿಯ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಜಿಮ್ ಫ್ಯೂರಿಕ್ ಕ್ಲಬ್ಬನ್ನು ಕಡಿದಾಗಿ ಎತ್ತಿ, ಮಲಗಿಸಿ ಇಳಿಸುತ್ತಾರೆ. 2016ರಲ್ಲಿ ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರ್‌ನಲ್ಲಿ 18 ಕುಳಿಗಳ ಒಂದು ಸುತ್ತನ್ನು ಬರೀ 58 ಹೊಡೆತಗಳಲ್ಲಿ ಮುಗಿಸಿದ್ದು ಅದೇ ಸ್ವಿಂಗಿನಲ್ಲಿ.

ಒಂದು ಪ್ಲೇನಿನಲ್ಲಿ ಸೊಂಟದಿಂದ ಚೆನ್ನಾಗಿ ಬಾಗಿ ನಿಲ್ಲಬೇಕು. ಬ್ಯಾಕ್‌ಸ್ವಿಂಗಿನ (ಕ್ಲಬ್ ಹಿಂದಕ್ಕೆ ಎತ್ತುವುದರ) ತುದಿಯಲ್ಲಿ ಎಡತೋಳು ಭುಜದ ಗೆರೆಗೇ ಕೂರುತ್ತದೆ, ಮ್ಯಾಟ್ ಕೂಚರ್ ಆಡುವ ಹಾಗೆ. ಎರಡು ಪ್ಲೇನಿನಲ್ಲಿ ನೆಟ್ಟಗೆ ನಿಂತು, ಭುಜ ಸುತ್ತುತ್ತಿದ್ದಂತೆ ತೋಳನ್ನು ಅದಕ್ಕಿಂತ ಮೇಲಕ್ಕೆ ಎತ್ತುತ್ತೀರಿ. ಜ್ಯಾಕ್ ನಿಕ್ಲಾಸ್ ಅವರದು ಈ ಬಗೆ.

ಚೆಂಡು ಪಾದಕ್ಕಿಂತ ಕೆಳಗಿದ್ದಾಗ ಒಂದು ಪ್ಲೇನೇ ಮೇಲು. ಬಾಗಿದ ನಿಲುವು ಮೊದಲೇ ಇರುವುದರಿಂದ ಇನ್ನೂ ಸ್ವಲ್ಪ ಬಗ್ಗಿದರೆ ಆಯಿತು. ನೆಟ್ಟಗೆ ನಿಲ್ಲುವವರು ಹೊಡೆಯುವ ಕ್ಷಣದಲ್ಲಿ ಎದ್ದುಬಿಟ್ಟು ಚೆಂಡಿನ ನೆತ್ತಿಗೆ ತಾಗಿಸುತ್ತಾರೆ. ಚೆಂಡು ಪಾದಕ್ಕಿಂತ ಮೇಲಿದ್ದರೆ ಗ್ರಿಪ್ಪನ್ನು (ಕ್ಲಬ್ಬಿನ ಹಿಡಿ) ಒಂದು ಇಂಚು ಕೆಳಗೆ ಹಿಡಿದು, ಗುರಿಯಿಂದ ತುಸು ಬಲಕ್ಕೆ ನೋಡಿ ಹೊಡೆಯಿರಿ, ಏಕೆಂದರೆ ಶಾಫ್ಟ್ ಮಲಗಿದಷ್ಟೂ ಕ್ಲಬ್ಬಿನ ಮುಖದ ಲಾಫ್ಟ್ (ಮುಖ ಹಿಂದಕ್ಕೆ ವಾಲಿದ ಕೋನ) ಎಡಕ್ಕೆ ತಿರುಗುತ್ತದೆ. ಇಲ್ಲಿ ಒಂದು ಪ್ಲೇನಿನವರಿಗೆ ಹುಕ್ಕಿನ (ಚೆಂಡು ಎಡಕ್ಕೆ ಜೋರಾಗಿ ಬಾಗುವುದರ) ಭಯ. ಎರಡು ಪ್ಲೇನಿನವರ ಕ್ಲಬ್ ಚೆಂಡಿಗೆ ಮೊದಲೇ ದಿಬ್ಬಕ್ಕೆ ಕಚ್ಚುತ್ತದೆ. ನಮಗೆ ಹುಕ್ ವಾಸಿ. ಅದನ್ನು ಗುರಿಯಲ್ಲೇ ಸರಿದೂಗಿಸಬಹುದು.

ಮಳೆಗಾಲದಲ್ಲಿ ಒದ್ದೆ ಹುಲ್ಲು ದಟ್ಟವಾಗಿ ಬೆಳೆದ ರಫ್‌ನಲ್ಲಿ ಮಾತ್ರ ಎರಡು ಪ್ಲೇನ್ ಗೆಲ್ಲುತ್ತದೆ. ಕ್ಲಬ್ ಮೇಲಿನಿಂದ ಬರುವುದರಿಂದ ಹುಲ್ಲು ಅದರ ತಲೆಗೆ ಸುತ್ತಿಕೊಳ್ಳುವುದು ಕಡಿಮೆ. ಬೆನ್ನು ಗಡುಸಾದವರಿಗೂ ಇದೇ ಹಿತ.

ಕೆಡುವ ಬಗೆಯೂ ಬೇರೆ ಬೇರೆ. ಒಂದು ಪ್ಲೇನಿನಲ್ಲಿ ತೋಳು ಮೈಯ ಹಿಂದಕ್ಕೆ ಅತಿಯಾಗಿ ಸುತ್ತಿದರೆ ಕ್ಲಬ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚೆಂಡು ನೇರ ಬಲಕ್ಕೆ ಹೋಗುತ್ತದೆ, ಕೈ ತಿರುಚಿ ಉಳಿಸಲು ಹೋದರೆ ಹುಕ್ ಆಗುತ್ತದೆ. ಎರಡು ಪ್ಲೇನಿನಲ್ಲಿ ತೋಳು ಇಳಿಯುವ ಮೊದಲೇ ಭುಜ ತಿರುಗಿದರೆ ಶಾಫ್ಟ್ ಕಡಿದಾಗಿ, ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ಯುತ್ತದೆ: ಸ್ಲೈಸ್ (ಚೆಂಡು ಬಲಕ್ಕೆ ಬಾಗುವುದು), ಜೊತೆಗೆ ಎಡಕ್ಕೆ ಮುಖ ಮಾಡಿದ ಆಳವಾದ ಡಿವಟ್ (ಕ್ಲಬ್ ನೆಲ ಕಿತ್ತ ಗುರುತು). ಭುಜ ಬಿಚ್ಚುವ ಮೊದಲು ಕೈ ಬಲತೊಡೆಯ ಕಡೆಗೆ ಇಳಿಯಲಿ.

ನಿಮ್ಮದು ಯಾವ ತಪ್ಪೆಂದು ಫೋನ್ ಹೇಳುತ್ತದೆ. ಗುರಿಯ ಗೆರೆಗೆ ಸಮಾನಾಂತರವಾಗಿ ಗುರಿಗೆ ವಿರುದ್ಧ ಬದಿಯಲ್ಲಿ (ನಿಮ್ಮ ಬಲಕ್ಕೆ), ಕೈಗಳ ನೇರಕ್ಕೆ, ಕೈಯ ಎತ್ತರದಲ್ಲೇ ಇಡಿ. ಪಕ್ಕಕ್ಕೆ ಸರಿದರೆ ಕೋನ ಸುಳ್ಳಾಗುತ್ತದೆ. ಇಳಿಯುವಾಗ ಎಡತೋಳು ನೆಲಕ್ಕೆ ಸಮಾನಾಂತರವಾದಲ್ಲಿ ವಿಡಿಯೊ ನಿಲ್ಲಿಸಿ. ಗ್ರಿಪ್ಪಿನ ತುದಿ ಚೆಂಡಿನ ಗೆರೆಯತ್ತ ನೋಡಿದರೆ ಸರಿ, ಪಾದದತ್ತ ನೋಡಿದರೆ ಕಡಿದು, ಚೆಂಡಿನಾಚೆ ನೋಡಿದರೆ ತೀರಾ ಮಲಗಿದೆ.

ಸ್ವಿಂಗ್ ತಿದ್ದುವ ಮೊದಲು ಕ್ಲಬ್ಬಿನ ಲೈ ಕೋನವನ್ನೂ (ನೆಲಕ್ಕೂ ಶಾಫ್ಟಿಗೂ ನಡುವಿನ ಕೋನ) ನೋಡಿ. 7 ಐರನ್ನಿನದು (ಐರನ್ ಎಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್) ಸುಮಾರು 62 ಡಿಗ್ರಿ. ಚೆಂಡಿನ ಹಿಂಭಾಗದಲ್ಲಿ ಮಾರ್ಕರಿನಿಂದ ನೆಟ್ಟಗೆ ಗೆರೆ ಎಳೆದು, ಅದು ಕ್ಲಬ್ಬಿನ ಮುಖಕ್ಕೆ ಅಂಟುವಂತೆ ಸಮತಟ್ಟು ನೆಲದಲ್ಲಿ ಹೊಡೆಯಿರಿ. ಮುಖದ ಮೇಲಿನ ಗುರುತಿನ ತಲೆ ಟೋ (ಕ್ಲಬ್ ತಲೆಯ ಹೊರತುದಿ) ಕಡೆಗೆ ವಾಲಿದ್ದರೆ ಕ್ಲಬ್ ನಿಮಗೆ ಹೆಚ್ಚು ನೆಟ್ಟಗಿದೆ, ಹೀಲ್ (ಶಾಫ್ಟಿನ ಬದಿ) ಕಡೆಗಾದರೆ ಹೆಚ್ಚು ಮಲಗಿದೆ. ಫೋರ್ಜ್ಡ್ (ಬಡಿದು ರೂಪಿಸಿದ) ಐರನ್ನನ್ನು ಒಂದೆರಡು ಡಿಗ್ರಿ ಬಗ್ಗಿಸಿಕೊಳ್ಳಬಹುದು. ಎರಕದ ತಲೆ ಬಗ್ಗಿಸುವಾಗ ಮುರಿಯುವ ಅಪಾಯ ಹೆಚ್ಚು, ಮಾಡುವವರನ್ನು ಮೊದಲೇ ಕೇಳಿಕೊಳ್ಳಿ.