ಮುಗಿಯದ ಆಟಕ್ಕೆ ಬಾಡಿಗೆಯ ಕಂಪ್ಯೂಟರ್: ತುಮಕೂರಿನ ಅಂಗಡಿಯೊಂದರ ಅನುಭವ

ಬೆಂಗಳೂರಿನಲ್ಲಿ ನಡೆದ ಎರಡು ದಿನಗಳ ಗೇಮಿಂಗ್ ಮೇಳದಲ್ಲಿ ನಮ್ಮ ಇನ್ನೂ ಮುಗಿಯದ ಆಟವನ್ನು ಜನರಿಗೆ ಆಡಿಸಲು, ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರಿಂದ ಕಂಪ್ಯೂಟರನ್ನು ಬಾಡಿಗೆಗೆ ಪಡೆದಿದ್ದೆವು. ಅದರಲ್ಲಿದ್ದದ್ದು ರೈಜನ್ 5 5600 ಪ್ರೊಸೆಸರ್, 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಮತ್ತು 32 ಜಿಬಿ ರ‍್ಯಾಮ್. ಮಾನಿಟರ್ ನಮ್ಮದೇ.

ಈ ಯಂತ್ರದ ನಿಜವಾದ ಬಲ ಅದರ ರ‍್ಯಾಮ್. ಮುಗಿದ ಆಟವಾಗಿದ್ದರೆ 16 ಜಿಬಿ ಸಾಕಾಗುತ್ತಿತ್ತು. ಆದರೆ ತಯಾರಿಯ ಹಂತದ ಬಿಲ್ಡ್‌ನಲ್ಲಿ, ಅಂದರೆ ಆಟದ ಆ ಹೊತ್ತಿನ ಆವೃತ್ತಿಯಲ್ಲಿ, ದೋಷ ಹುಡುಕಲು ಸೇರಿಸಿದ ಕೋಡ್ ಹಾಗೆಯೇ ಉಳಿದಿರುತ್ತದೆ, ಚಿತ್ರಗಳ ಗಾತ್ರವನ್ನು ಇನ್ನೂ ಕುಗ್ಗಿಸಿರುವುದಿಲ್ಲ. ನಮ್ಮ ಆಟದಲ್ಲಂತೂ ಒಬ್ಬರು ಆಡಿ ಎದ್ದು ಇನ್ನೊಬ್ಬರು ಕುಳಿತಾಗ, ಹಿಂದಿನವರಿಗಾಗಿ ಹಿಡಿದಿಟ್ಟ ಮೆಮೊರಿಯನ್ನು ಬಿಟ್ಟುಕೊಡದ ದೋಷವೊಂದು ಆಗ ಉಳಿದಿತ್ತು. ನನ್ನ 16 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಹತ್ತನೆಯವರು ಕೂರುವ ಹೊತ್ತಿಗೆ ದೃಶ್ಯ ತಡವರಿಸತೊಡಗುತ್ತಿತ್ತು. ಇದರಲ್ಲಿ ಬೆಳಿಗ್ಗೆ ತೆರೆದ ಆಟ ಊಟದ ಬಿಡುವಿನವರೆಗೂ ಸರಾಗವಾಗಿ ನಡೆಯಿತು. ಆಗೊಮ್ಮೆ ಮುಚ್ಚಿ ತೆರೆದರೆ ಸಂಜೆಯವರೆಗೆ ಚಿಂತೆಯಿರಲಿಲ್ಲ. ಆಟದ ದೋಷವನ್ನು ಹೆಚ್ಚಿನ ರ‍್ಯಾಮ್‌ನಿಂದ ಮರೆಮಾಡುವುದು ಮೋಸವಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ದೊಡ್ಡ ಕಂಪನಿಗಳೂ ತಯಾರಿಯ ಹಂತಕ್ಕೆ ಹೆಚ್ಚು ಮೆಮೊರಿ ಕೊಡುತ್ತವೆ ಎಂಬುದು ನನ್ನ ಉತ್ತರ. 2017ರಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್‌ಬಾಕ್ಸ್ ಒನ್ ಎಕ್ಸ್ ಎಂಬ ಗೇಮ್ ಕನ್ಸೋಲ್‌ನಲ್ಲಿ 12 ಜಿಬಿ ಮೆಮೊರಿ ಇದ್ದರೆ, ಅದಕ್ಕಾಗಿ ಆಟ ತಯಾರಿಸುವವರಿಗೆ ಮೈಕ್ರೋಸಾಫ್ಟ್ ಕೊಟ್ಟ ಡೆವಲಪ್‌ಮೆಂಟ್ ಕಿಟ್‌ನಲ್ಲಿ 24 ಜಿಬಿ ಇತ್ತು. ಅಪೂರ್ಣ ಕೆಲಸಕ್ಕೆ ಹೆಚ್ಚು ಜಾಗ ಬೇಕೇ ಬೇಕು. ಆದರೆ ಅದನ್ನು ಮುಚ್ಚಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯವಾದ್ದರಿಂದ, ಯಂತ್ರದ ವಿವರವನ್ನು ಬರೆದು ಮೇಜಿನ ಮೇಲೆಯೇ ಅಂಟಿಸಿದ್ದೆವು.

ಅಂಗಡಿಯವರು ಯಂತ್ರವನ್ನು ಹಿಂದಿನ ದಿನ ಮಧ್ಯಾಹ್ನವೇ ಕೊಟ್ಟದ್ದು ದೊಡ್ಡ ಉಪಕಾರವಾಯಿತು. ಶೇಡರ್‌ಗಳು, ಅಂದರೆ ದೃಶ್ಯದ ಬೆಳಕು-ಬಣ್ಣಗಳನ್ನು ಲೆಕ್ಕಹಾಕುವ ಪುಟ್ಟ ಪ್ರೋಗ್ರಾಂಗಳು, ಆಯಾ ಕಾರ್ಡ್ ಮತ್ತು ಅದನ್ನು ನಡೆಸುವ ಡ್ರೈವರ್ ತಂತ್ರಾಂಶಕ್ಕೆ ತಕ್ಕಂತೆ ಕಂಪೈಲ್ ಆಗುವುದರಿಂದ (ಯಂತ್ರದ ಭಾಷೆಗೆ ಬದಲಾಗುವುದರಿಂದ), ಹೊಸ ಯಂತ್ರದಲ್ಲಿ ಪ್ರತಿ ದೃಶ್ಯವೂ ಮೊದಲ ಸಲ ಕ್ಷಣಕಾಲ ನಿಂತು ಮುಂದುವರಿಯುತ್ತದೆ. ಆ ರಾತ್ರಿ ಇಡೀ ಆಟವನ್ನು ನಾವೇ ಒಮ್ಮೆ ಆಡಿ ಆ ತೊಡಕನ್ನು ಕಳೆದುಕೊಂಡೆವು.

ಕೊರತೆಯಿದ್ದದ್ದು ಸಾಗಣೆಯಲ್ಲಿ. ಕ್ಯಾಬಿನೆಟ್ಟಿಗೆ ಹೊರಗಿನಿಂದ ಥರ್ಮೋಕೋಲ್ ಇಟ್ಟಿದ್ದರೇ ಹೊರತು ಒಳಗಿನ ಭಾರವಾದ ಕಾರ್ಡಿಗೆ ಯಾವ ಆಸರೆಯೂ ಇರಲಿಲ್ಲ. ಸುಮಾರು 70 ಕಿಲೋಮೀಟರ್ ಕಾರಿನಲ್ಲಿ ಕುಲುಕಿ ಮೇಳದ ಮೇಜು ತಲುಪಿದಾಗ ಫ್ಯಾನ್‌ಗಳು ತಿರುಗುತ್ತಿದ್ದವು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಫೋನ್ ಮಾಡಿದಾಗ ಅಂಗಡಿಯ ಹುಡುಗ, "ಸೈಡ್ ಪ್ಯಾನೆಲ್ ತೆಗೀರಿ ಸರ್, ಕಾರ್ಡ್ ಬಿಚ್ಚಿ ಇನ್ನೊಂದ್ಸಲ ಒತ್ತಿ ಕೂರ್ಸಿ" ಎಂದು ಸಮಾಧಾನದಿಂದ ಹೇಳಿಕೊಟ್ಟ. ಟಕ್ಕೆಂದು ಕಾರ್ಡ್ ಸ್ಲಾಟಿನಲ್ಲಿ ಕೂತ ಮೇಲೆ ಚಿತ್ರ ಬಂತು, ಆದರೆ ಮೊದಲ ಅರ್ಧ ಗಂಟೆ ಹೋಗಿಯೇಬಿಟ್ಟಿತ್ತು. ಬಾಡಿಗೆಗೆ ಪಡೆಯುವವರು ಕಾರ್ಡನ್ನು ಬೇರೆಯಾಗಿ ಕಟ್ಟಿಸಿಕೊಂಡು ಒಯ್ಯುವುದು ಒಳ್ಳೆಯದು.

ಬಾಡಿಗೆ ದಿನಕ್ಕೆ 1,800 ರೂಪಾಯಿ. ಯಂತ್ರ ಕೊಟ್ಟ ಮಧ್ಯಾಹ್ನವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ; ಯಂತ್ರ ಹಿಂದಿರುಗಿಸಿದ ದಿನವೇ ಮುಂಗಡವನ್ನು ಕೈಗೆ ಕೊಟ್ಟರು. ಮುಂದಿನ ಮೇಳಕ್ಕೂ ಇದೇ ಯಂತ್ರವನ್ನು ಕಾದಿರಿಸಿ ಬಂದಿದ್ದೇನೆ.